ಒಲ್ಲದ ಊರಿನಲ್ಲಿ ಸೈರಣೆ

ನಮ್ಮ ಪಾಠಶಾಲೆಯಲ್ಲಿ ಓದಿ, ಸೇವಾರ್ಥವಾಗಿ ಹಿಮಾಲಯದ ಉಖೀಮಠಕ್ಕೆ ತೆರಳಿದ ವಿದ್ಯಾರ್ಥಿಯೊಬ್ಬನು ಕಳೆದ ಪುಷ್ಯಮಾಸದಲ್ಲಿ ನನಗೊಂದು ಪತ್ರವನ್ನು ಬರೆದಿದ್ದನು. ಅದರಲ್ಲಿದ್ದ ಪ್ರಶ್ನೆಯು ಅವನೊಬ್ಬನದೇ ಅಲ್ಲವೆಂದು ತೋರಿದ್ದರಿಂದ ಈ ತಿಂಗಳ ವಚನಪಾಠಕ್ಕೆ ಅದನ್ನೇ ಆಯ್ದುಕೊಂಡಿದ್ದೇನೆ.

ಉಖೀಮಠವು ಮಂದಾಕಿನೀ ನದಿಯ ಕಣಿವೆಯಲ್ಲಿ, ಸುಮಾರು 4,300 ಅಡಿ ಎತ್ತರದಲ್ಲಿದೆ. ಪಂಚಪೀಠಗಳಲ್ಲೊಂದಾದ ಕೇದಾರ ವೈರಾಗ್ಯಪೀಠದ ಸ್ಥಾನವದು. 11,500 ಅಡಿಗೂ ಮೇಲಿರುವ ಕೇದಾರನಾಥ ದೇವಾಲಯದ ಬಾಗಿಲನ್ನು ದೀಪಾವಳಿಯ ಬಳಿಕ ಯಮದ್ವಿತೀಯೆಯಂದು ಮುಚ್ಚಿದ ಮೇಲೆ, ಉತ್ಸವಮೂರ್ತಿಯನ್ನು ಇಳಿಸಿ ತಂದು ಇಲ್ಲಿಯ ಓಂಕಾರೇಶ್ವರ ದೇವಾಲಯದಲ್ಲಿ ಚಳಿಗಾಲದ ಪೂಜೆಯನ್ನು ನಡೆಸುತ್ತಾರೆ. ಕನ್ನಡನಾಡಿನ ವೀರಶೈವರೇ ಅಲ್ಲಿ ರಾವಲರಾಗಿರುವುದು ಪರಂಪರೆ. ನಮ್ಮಲ್ಲಿ ಚಳಿಗಾಲವೆಂದರೆ ಒಣಹವೆ. ಅಲ್ಲಿಯಾದರೋ ಪಶ್ಚಿಮದ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟ ಗಾಳಿಮಳೆಗಳು ಡಿಸೆಂಬರಿನಿಂದ ಮಾರ್ಚಿಯವರೆಗೆ ಆಗಾಗ ಬಂದು ಬಡಿಯುತ್ತವೆ. ಮೇಲಿನ ಶಿಖರಗಳಲ್ಲಿ ಹಿಮ, ಕೆಳಗೆ ಕೊರೆಯುವ ಮಳೆ.

ಹುಡುಗನು ಇಂಡಿಯ ಸೀಮೆಯವನು. ಎಳ್ಳಮವಾಸ್ಯೆಯಂದು ಬಿಳಿಜೋಳದ ಹೊಲದಲ್ಲಿ ಎಳೆಬಿಸಿಲಿಗೆ ಕುಳಿತು ಉಂಡು ಬೆಳೆದವನು. “ಗುರುಗಳೇ, ಮೂರು ದಿನದಿಂದ ಗಾಳಿ ನಿಂತಿಲ್ಲ. ಇರುಳೆಲ್ಲ ತಗಡಿನ ಮಾಡು ಬಡಿದುಕೊಳ್ಳುತ್ತದೆ. ಬೆಳಿಗ್ಗೆ ಪೂಜೆಗೆ ಕುಳಿತರೆ ಕೈ ಮರಗಟ್ಟಿ, ಅಂಗೈಯಲ್ಲಿ ಲಿಂಗವಿರುವುದೇ ತಿಳಿಯುವುದಿಲ್ಲ. ಈ ಊರು ನನಗೆ ಬೇಡವಾಗಿದೆ. ಇಂತಹ ಕ್ಷೇತ್ರವನ್ನು ಒಲ್ಲೆನೆನ್ನುವುದು ದೋಷವಲ್ಲವೇ?” ಎಂದು ಬರೆದಿದ್ದನು. ಯಾರಲ್ಲಿಯೋ ಇದನ್ನು ತೋಡಿಕೊಂಡಾಗ ಅವರು ಅಕ್ಕನ ವಚನವನ್ನು ಹೇಳಿ ಬಾಯಿ ಮುಚ್ಚಿಸಿದರಂತೆ.

ಆ ವಚನವು ನಮ್ಮ ಮಕ್ಕಳಿಗೂ ಬಾಯಿಪಾಠ. ಬೆಟ್ಟ, ಕಡಲು, ಸಂತೆ ಎಂಬ ಎಡೆಗಳನ್ನು ಹೆಸರಿಸಿ, ವಾಸಕ್ಕೆ ನಿಂತ ಮೇಲೆ ಅಲ್ಲಲ್ಲಿಯ ಉಪದ್ರವಕ್ಕೆ ಹಿಂಜರಿಯಲಾಗದೆಂದೂ, ಲೋಕದ ಹೊಗಳಿಕೆ ತೆಗಳಿಕೆಗಳನ್ನು ಕೋಪಗೊಳ್ಳದೆ ತಾಳಬೇಕೆಂದೂ ಅಕ್ಕಮಹಾದೇವಿಯು ಅದರಲ್ಲಿ ತಿಳಿಸಿದ್ದಾಳೆ. ಅರ್ಥವು ಸ್ಪಷ್ಟ. ಆದರೆ ಈ ಮಾತು ಮೊದಲು ಯಾರಿಗೆ ಸಲ್ಲುವುದೆಂಬುದನ್ನು ನಾವು ವಿಚಾರಿಸುವುದಿಲ್ಲ. ಉಡುತಡಿಯನ್ನು ತೊರೆದು, ಕಲ್ಯಾಣವನ್ನು ಹಾದು, ಶ್ರೀಶೈಲದ ಅಡವಿಯನ್ನು ಹೊಕ್ಕವಳ ಮಾತದು. ಚಳಿ, ಹಸಿವು, ಜನರ ನಾಲಗೆ ಎಲ್ಲವನ್ನೂ ಉಂಡವಳು ಚೆನ್ನಮಲ್ಲಿಕಾರ್ಜುನನ ಮುಂದೆ ತನ್ನ ಮನಸ್ಸಿಗೆ ತಾನೇ ಬುದ್ಧಿ ಹೇಳಿಕೊಂಡದ್ದೆಂದು ನಾನು ಓದಿಕೊಳ್ಳುತ್ತೇನೆ. ಬೆಚ್ಚಗೆ ಕುಳಿತವರು ನಡುಗುವವರಿಗೆ ಅದನ್ನು ಹೇಳುವುದು ಸಲ್ಲದು. ಬಯಲುಸೀಮೆಯಿಂದ ಆಗುಂಬೆಯ ಕಡೆಗೆ ಮದುವೆಯಾಗಿ ಹೋದ ಹೆಣ್ಣುಮಗಳು ಮಳೆಗೆ ಬೇಸತ್ತು ಕಣ್ಣೀರಿಟ್ಟಾಗಲೂ ಇದೇ ವಚನವನ್ನು ಹೇಳಿದವರನ್ನು ಕಂಡಿದ್ದೇನೆ. ಆ ಮನೆಯನ್ನು ಅಲ್ಲಿ ಕಟ್ಟಿದವಳು ಆಕೆಯೇ?

ಹುಡುಗನಿಗೆ ಹೀಗೆ ಉತ್ತರವನ್ನು ಬರೆದೆನು: “ಊರು ಸೇರದಿರುವುದು ದೋಷವಲ್ಲ. ಇಷ್ಟಲಿಂಗವು ನಿನ್ನ ಅಂಗೈಯಲ್ಲಿದೆ. ಇಂಡಿಯಲ್ಲಿದ್ದಾಗ ಇದ್ದಂತೆಯೇ ಅಲ್ಲಿಯೂ ಇದೆ. ಆದುದರಿಂದ ಉಖೀಮಠವನ್ನು ಒಲ್ಲದ ಮಾತ್ರಕ್ಕೆ ಲಿಂಗಕ್ಕೆ ವಿಮುಖನಾದೆನೆಂದು ಭಾವಿಸಬೇಡ. ಮೊದಲು ಅಗ್ಗಿಷ್ಟಿಕೆಯ ಬಳಿ ಕುಳಿತು ಕೈಗಳನ್ನು ಕಾಯಿಸಿಕೋ, ಮಜ್ಜನದ ನೀರನ್ನು ಬೆಚ್ಚಗೆ ಮಾಡಿಕೋ, ಆಮೇಲೆ ಪೂಜೆಗೆ ಕೂಡು. ಬಸವಣ್ಣನವರು ಶರೀರವನ್ನು ಶಿವಾಲಯಕ್ಕೆ ಹೋಲಿಸಿದುದನ್ನು ನೀನು ಓದಿದ್ದೀಯೆ. ಆ ಆಲಯವನ್ನು ಚಳಿಯಿಂದ ಕಾಯುವುದು ಸೋಮಾರಿತನವಲ್ಲ. ಒಂದನ್ನು ಮಾತ್ರ ಮಾಡಬೇಡ. ಗಾಳಿ ನಿಲ್ಲಲಿ, ಚೈತ್ರ ಬರಲಿ, ಆಮೇಲೆ ನೋಡೋಣವೆಂದು ಕಾಯಕವನ್ನು ಮುಂದೂಡಬೇಡ. ಹೊರಗೆ ಹೋದಾಗ ಆ ಊರಿನವರ ಕಡೆಗೂ ಕಣ್ಣು ಹಾಯಿಸು. ಹುಟ್ಟಿದ ಊರೆಂದು ಚಳಿಯು ಅವರನ್ನೇನೂ ಬಿಟ್ಟಿಲ್ಲ.” ಪತ್ರದೊಂದಿಗೆ ಚಳ್ಳಕೆರೆಯ ಕಂಬಳಿಯೊಂದನ್ನೂ ಕಳುಹಿಸಿದೆನು. ಬರಿಯ ಉಪದೇಶವನ್ನು ಕಳುಹಿಸಲು ಮನಸ್ಸೊಪ್ಪಲಿಲ್ಲ.

ಮಾಘದ ಕೊನೆಯಲ್ಲಿ ಮರಳಿ ಪತ್ರ ಬಂದಿತು. ಊರು ಇನ್ನೂ ಸೇರಿಲ್ಲವೆಂದು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಅದು ನನಗೆ ಸಂತೋಷವನ್ನೇ ತಂದಿತು. ಪೂಜೆ ತಪ್ಪಿಲ್ಲವಂತೆ. ಕಂಬಳಿಯನ್ನು ಸೌದೆ ತಂದುಕೊಡುವ ಮುದುಕನಿಗೆ ಕೊಟ್ಟುಬಿಟ್ಟನಂತೆ. ಇನ್ನೊಂದನ್ನು ಕಳುಹಿಸಲಾದೀತೇ ಎಂದು ಕೇಳಿದ್ದಾನೆ. ಈ ಸಲ ಸ್ವಲ್ಪ ದಪ್ಪನಾದದ್ದು ಬೇಕಂತೆ.