ಕೃತಕ ಬೆಳಕಿನ ಮಿನುಗು ಮತ್ತು ಕ್ಯಾಮೆರಾದ ಶಟರ್ ವೇಗ

ಭಾರತದಲ್ಲಿ ಮನೆಗಳಿಗೆ ಬರುವ ಪರ್ಯಾಯ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಪ್ರತಿ ಆವರ್ತದಲ್ಲೂ ಪ್ರವಾಹ ಎರಡು ಬಾರಿ ಗರಿಷ್ಠಕ್ಕೇರುತ್ತದೆ: ಒಮ್ಮೆ ಧನ ದಿಕ್ಕಿನಲ್ಲಿ, ಒಮ್ಮೆ ಋಣ ದಿಕ್ಕಿನಲ್ಲಿ. ಹೀಗಾಗಿ ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 50 ಅಲ್ಲ, 100 ಬಾರಿ ಮಿನುಗುತ್ತದೆ. ಪರೀಕ್ಷೆಯಲ್ಲಿ ಉತ್ತರ ತಪ್ಪುವುದು ಇಲ್ಲಿಯೇ, ಗಮನವಿರಲಿ. ಬಲ್ಬಿನ ಟಂಗ್‌ಸ್ಟನ್ ತಂತು ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದರ ಮಿನುಗು ಕಡಿಮೆ.

ಶಟರ್ ತೆರೆದಿರುವಷ್ಟು ಹೊತ್ತಿನಲ್ಲಿ ಮಿನುಗುಗಳು ಪೂರ್ಣಸಂಖ್ಯೆಯಲ್ಲಿ ಮುಗಿಯಬೇಕು. ಆಗ ಪ್ರತಿ ಫ್ರೇಮಿಗೂ ಸಮನಾದ ಬೆಳಕು ಸಿಗುತ್ತದೆ. 1/100 ಸೆಕೆಂಡಿನಲ್ಲಿ ಒಂದು ಮಿನುಗು, 1/50ರಲ್ಲಿ ಎರಡು, 1/25ರಲ್ಲಿ ನಾಲ್ಕು. ಸೆಕೆಂಡಿಗೆ 30 ಫ್ರೇಮ್ ಚಿತ್ರೀಕರಿಸುತ್ತ 1/60 ಇಟ್ಟರೆ ಸುಮಾರು 1.67 ಮಿನುಗು ಒಳಬರುತ್ತದೆ. ಆ ಭಿನ್ನಾಂಶವೇ ಹೊಳಪನ್ನು ಏರಿಳಿಸುತ್ತದೆ. ರೋಲಿಂಗ್ ಶಟರ್ ಕ್ಯಾಮೆರಾ ಚಿತ್ರವನ್ನು ಸಾಲುಸಾಲಾಗಿ ದಾಖಲಿಸುವ ಕಾರಣ ಪರದೆಯಲ್ಲಿ ಪಟ್ಟಿಗಳೂ ಮೂಡುತ್ತವೆ.

ಅಮೆರಿಕದಲ್ಲಿ 60 ಹರ್ಟ್ಸ್. ಅಲ್ಲಿ 1/60 ಅಥವಾ 1/120 ಸರಿ. ಜಪಾನ್ ವಿಶೇಷ ಉದಾಹರಣೆ: ಟೋಕಿಯೊದಲ್ಲಿ 50, ಒಸಾಕಾದಲ್ಲಿ 60.

ಸೆಕೆಂಡಿಗೆ 240 ಫ್ರೇಮಿನ ನಿಧಾನಗತಿಯ ಚಿತ್ರೀಕರಣದಲ್ಲಿ ಶಟರ್ 1/240 ಸೆಕೆಂಡಿಗಿಂತ ಹೆಚ್ಚು ತೆರೆದಿರಲಾರದು, ಒಂದು ಮಿನುಗೂ ಪೂರ್ಣವಾಗುವುದಿಲ್ಲ. ಅಲ್ಲಿ ಹಗಲು ಬೆಳಕೇ ಉತ್ತಮ. ಕೆಲವು ಎಲ್‌ಇಡಿ ದೀಪಗಳು ತಮ್ಮದೇ ಆವರ್ತನದಲ್ಲಿ ಮಿನುಗುವುದರಿಂದ ಈ ಲೆಕ್ಕ ಅವಕ್ಕೆ ಸಾಲದು.

ಪರೀಕ್ಷೆಯ ಪ್ರಶ್ನೆಯಲ್ಲಿ ದೇಶದ ಹೆಸರಿದ್ದರೆ ಮೊದಲು ಅಲ್ಲಿನ ಆವರ್ತನವನ್ನು ಬರೆದು ದ್ವಿಗುಣಗೊಳಿಸಿ, ಬಳಿಕ ಆಯ್ಕೆಗಳನ್ನು ನೋಡಿ.