ಗಾಣದ ಸುತ್ತು

ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ ನಮ್ಮ ಕಡೆಯವರ ಶನಿಪೂಜೆಗೆ ಒಮ್ಮೆ ಬಂದವರಿಗೂ ಗೊತ್ತಿರುತ್ತದೆ, ಅಲ್ಲಿ ಶನಿಮಹಾತ್ಮೆಯನ್ನು ಬರೇ ಓದಿ ಮುಗಿಸುವುದಿಲ್ಲ. ತಾಳಮದ್ದಳೆಯ ಹಾಗೆ ಒಬ್ಬರು ಪದ್ಯ ಹೇಳಿದರೆ ಇನ್ನೊಬ್ಬರು ಅರ್ಥ ಹೇಳಬೇಕು. ಹದಿನೆಂಟು ವರ್ಷ ಆ ಇನ್ನೊಬ್ಬ ನಾನಾಗಿದ್ದೆ. ಕಲ್ಯಾಣ, ಠಾಣೆ, ಐರೋಲಿ, ಶನಿವಾರ ಎಲ್ಲಿ ಕರೆದರೂ ಹೋಗುತ್ತಿದ್ದೆ. ವಿಕ್ರಮರಾಜ ಶನಿಯನ್ನು ಹಂಗಿಸಿ ನಕ್ಕದ್ದು, ಕುದುರೆ ಅವನನ್ನು ಕಾಡಿಗೆ ಹೊತ್ತೊಯ್ದದ್ದು, ಚಿತ್ರದ ಹಂಸ ಹಾರ ನುಂಗಿ ಕಳ್ಳತನ ಅವನ ತಲೆಗೆ ಬಂದದ್ದು, ಕೈಕಾಲು ಕಡಿಸಿಕೊಂಡು ಗಾಣಿಗನ ಮನೆ ಸೇರಿದ್ದು, ಎಲ್ಲ ನಾಲಗೆಯ ತುದಿಯಲ್ಲೇ ಇತ್ತು. ಕೈಕಾಲು ಮರಳಿ ಬರುವಲ್ಲಿ ಸ್ವರ ಏರಿಸಿದರೆ ಸಭೆಯಲ್ಲಿ ಕಣ್ಣೊರೆಸದವರಿಲ್ಲ. ಪ್ರಸಾದದ ಹೊತ್ತಿಗೆ ಯಾರಾದರೂ ಬಳಿಗೆ ಬಂದು ಕಷ್ಟ ಹೇಳಿಕೊಂಡರೆ, "ಶನಿಕಾಟ ಏಳೂವರೆ ವರ್ಷ ತಾನೆ? ಮೇಲಿದ್ದವನು ನೋಡಿಕೊಳ್ಳುತ್ತಾನೆ" ಎನ್ನುತ್ತಿದ್ದೆ. ತಾನೆ! ಈಗ ಆ ಮಾತು ನೆನೆದರೆ ಮೈ ಹಿಡಿಯಾಗುತ್ತದೆ.

ಮುಂಬಯಿಯ ಫೋರ್ಟಿನ ಒಂದು ಕಚೇರಿಯಲ್ಲಿ ನನ್ನ ಕ್ಯಾಂಟೀನು ಇತ್ತು. ಹದಿನಾಲ್ಕಕ್ಕೆ ಕಾರ್ಕಳದ ಕಡೆಯಿಂದ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸಿ ಎಸ್ಸೆಸ್ಸಿ ಮುಗಿಸಿದವನಿಗೆ ಅದೇ ದೊಡ್ಡ ಸಾಮ್ರಾಜ್ಯ. ಅರವತ್ತು ತುಂಬುವಾಗ ಊರಲ್ಲಿ ಮನೆ ಕಟ್ಟಿ ಹೋಗಿಬಿಡುವುದೆಂದು ಲೆಕ್ಕ. ಕೆಂಪುಕಲ್ಲು ಇಳಿಸಿಯೂ ಆಗಿತ್ತು.

2020ರ ಮಾರ್ಚ್ 22, ಜನತಾ ಕರ್ಫ್ಯೂವಿನ ಭಾನುವಾರ. ಆ ರಾತ್ರಿಯಿಂದ ಲೋಕಲ್ ರೈಲು ನಿಂತಿತು. ಡೊಂಬಿವಲಿಯವರಿಗೆ ಲೋಕಲ್ ನಿಂತಿತು ಎಂದರೆ ಉಸಿರು ನಿಂತ ಹಾಗೆ. ಜೂನ್ 15ಕ್ಕೆ ಮತ್ತೆ ಹೊರಟಾಗ ಅದು ಅಗತ್ಯ ಸೇವೆಯವರಿಗೆ ಮಾತ್ರ. ಇಡ್ಲಿ ಬೇಯಿಸುವವನು ಆ ಪಟ್ಟಿಯಲ್ಲಿ ಇರಲಿಲ್ಲ. ಕಚೇರಿಯವರೆಲ್ಲ ಮನೆಯಿಂದಲೇ ಕೆಲಸ ಮಾಡಲು ಕಲಿತರು, ಕ್ಯಾಂಟೀನು ಯಾರಿಗೂ ಬೇಡವಾಯಿತು. ನಾನು ಕೆಲವು ತಿಂಗಳು ದೇವರ ದೀಪ ಹಚ್ಚಲಿಲ್ಲ. ಹೆಂಡತಿ ಹಚ್ಚಿದಳು, ಏನೂ ಅನ್ನಲಿಲ್ಲ.

ದೇವರು ನಮಗೆ ಬುದ್ಧಿ ಕಲಿಸಲು ಕೊರೊನಾ ತಂದ ಎನ್ನುವವರಿದ್ದಾರೆ. ಆ ಮಾತು ನನಗೆ ಹಿಡಿಸದು. ನಮ್ಮ ಕಟ್ಟಡದಲ್ಲೇ ಇಬ್ಬರು ಹೋದರು. ಅವರ ಜೀವವನ್ನು ಯಾರ ಪಾಠದ ಲೆಕ್ಕಕ್ಕೆ ಬರೆಯುವುದು?

ಹೆಂಡತಿ ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಅಕ್ಕಪಕ್ಕದ ಕಟ್ಟಡಗಳಿಗೆ ಕೊಡಲು ಶುರುಮಾಡಿದಳು. ಕ್ಯಾಂಟೀನಿನ ಗ್ರೈಂಡರ್ ಮನೆಗೆ ಬಂತು. ಬೆಳಗಿನ ಜಾವ ಅದರ ಮುಂದೆ ಸ್ಟೂಲ್ ಹಾಕಿ ಕೂರುವುದು ನನ್ನ ಪಾಲಿಗೆ. ಉದ್ದು ನುಣ್ಣಗಾಗುವವರೆಗೆ ಬೇರೆ ಕೆಲಸವಿಲ್ಲ, ಆಗಾಗ ಒಂದಿಷ್ಟು ನೀರು ಚಿಮುಕಿಸುತ್ತ ಕಲ್ಲು ತಿರುಗುವುದನ್ನು ನೋಡಬೇಕು, ಅಷ್ಟೇ. ಹಾಗೆ ನೋಡುತ್ತ ಒಂದು ದಿನ ಗಾಣದ ಮೇಲೆ ಕೂತ ವಿಕ್ರಮ ನೆನಪಾದ. ಹದಿನೆಂಟು ವರ್ಷ ಅವನನ್ನು ಅಲ್ಲಿ ಕೂರಿಸಿ, ಎರಡು ವಾಕ್ಯದಲ್ಲಿ ಎಬ್ಬಿಸಿ, ದೀಪಕರಾಗ ಹಾಡಿಸಿ, ಊರಿನ ದೀಪಗಳನ್ನೆಲ್ಲ ಹೊತ್ತಿಸಿ ಮಂಗಳಕ್ಕೆ ಓಡುತ್ತಿದ್ದೆ. ಅವನು ಅಲ್ಲಿ ದಿನವಿಡೀ ಏನು ಮಾಡುತ್ತಿದ್ದ? ಎತ್ತು ಹೊಡೆಯುತ್ತಿದ್ದ. ನಾಳೆಯೂ ಅದನ್ನೇ. ಕೈಕಾಲು ತಿರುಗಿ ಬರುತ್ತದೆಂದು ಗೊತ್ತಿದ್ದದ್ದು ಅರ್ಥ ಹೇಳುವ ನನಗೆ, ಗಾಣದ ಮೇಲಿದ್ದ ಅವನಿಗಲ್ಲ. ನನ್ನ ನಂಬಿಕೆ ಅಷ್ಟು ವರ್ಷ ಕಥೆಯ ಕೊನೆಯ ಪುಟದ ಮೇಲೆ ಇತ್ತು, ದೇವರ ಮೇಲೆ ಇತ್ತೋ ಇಲ್ಲವೋ ನಾನು ನೋಡಿಕೊಂಡಿರಲಿಲ್ಲ.

ಅಂದು ಬೆಳಿಗ್ಗೆ ದೀಪ ಹಚ್ಚಿದೆ. ಏನೂ ಬೇಡಿಕೊಳ್ಳಲಿಲ್ಲ. ಹಿಟ್ಟಿನ ಪೊಟ್ಟಣ ಹಂಚಲು ಹೊರಟೆ.

ಕ್ಯಾಂಟೀನು ಮತ್ತೆ ಬರಲಿಲ್ಲ. ಊರಿನ ಕೆಂಪುಕಲ್ಲಿನ ಮೇಲೆ ಪಾಚಿ ಕಟ್ಟಿದೆ. ಅಂಗಳದಲ್ಲಿ ಚಂದ ಕಾಣುತ್ತದೆ ಎಂದು ತಮ್ಮ ಫೋನಿನಲ್ಲಿ ತಮಾಷೆ ಮಾಡುತ್ತಾನೆ. ಹಿಟ್ಟಿನ ವ್ಯಾಪಾರದಲ್ಲಿ ತಿಂಗಳು ಕಳೆಯುತ್ತದೆ, ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಪೂಜೆಗಳು ಮತ್ತೆ ಶುರುವಾದ ಮೇಲೆ ಠಾಣೆಯಲ್ಲಿ ಅರ್ಥಕ್ಕೆ ಕೂತೆ. ಗಾಣದ ಭಾಗ ಬಂತು. ಎತ್ತಿನ ಗೊರಸಿನ ಸದ್ದು, ಎಳ್ಳಿನ ವಾಸನೆ, ಮಧ್ಯಾಹ್ನದ ಸೆಖೆ ಎಂದು ಹೇಳುತ್ತಲೇ ಹೋದೆ. ಪದ್ಯ ಹೇಳುವವರು ಎರಡು ಸಲ ಕೆಮ್ಮಿದರು. ಮೂರನೆಯ ಸಲ ಬಾಗಿ ಕಿವಿಯಲ್ಲಿ ಹೇಳಿದರು: "ಇನ್ನು ಎಷ್ಟು ಸುತ್ತಿಸುತ್ತೀರಿ ಮಾರಾಯರೇ, ಕೊನೆಯ ಲೋಕಲ್ ತಪ್ಪುತ್ತದೆ."