ಗಾಯಗೊಂಡ ಕೆಲಸಗಾರನ ಹಕ್ಕು ದಾನವಲ್ಲ

ಮರದ ಮಿಲ್ಲಿನಲ್ಲಿ ಗರಗಸಕ್ಕೆ ಸಿಕ್ಕಿ ಒಬ್ಬ ಕೆಲಸಗಾರನ ಎರಡು ಬೆರಳುಗಳು ಹೋದವೆಂದು ಇಟ್ಟುಕೊಳ್ಳಿ. ಮಾಲಕರು ಆಸ್ಪತ್ರೆಯ ಬಿಲ್ಲು ಕಟ್ಟುತ್ತಾರೆ, ಮನೆಗೆ ಅಕ್ಕಿಯ ಮೂಟೆ ಕಳಿಸುತ್ತಾರೆ, ರಮಝಾನ್ ಬಂದಾಗ ಝಕಾತ್‌ನಿಂದ ಒಂದಿಷ್ಟು ಹಣವನ್ನೂ ಕೊಡುತ್ತಾರೆ. ಊರವರು ಹೊಗಳುತ್ತಾರೆ. ಗಾಯಾಳುವಿನ ತಾಯಿ ಕೈಯೆತ್ತಿ ದುಆ ಮಾಡುತ್ತಾಳೆ. ಓದುಗರೇ, ಇಲ್ಲೊಂದು ದೊಡ್ಡ ಗೊಂದಲವಿದೆ. ಆತನಿಗೆ ಸಲ್ಲಬೇಕಾದದ್ದು ಹಕ್ಕು. ಕೊಟ್ಟದ್ದು ಔದಾರ್ಯದ ಹೆಸರಿನಲ್ಲಿ. ತನ್ನ ಮೇಲಿರುವ ಬಾಧ್ಯತೆಯನ್ನು ಝಕಾತ್ ಹಣದಿಂದ ತೀರಿಸಿಕೊಳ್ಳಲು ಯಾರಿಗೂ ಅನುಮತಿಯಿಲ್ಲ. ಹಾಗೆ ಮಾಡಿದವನ ಸಾಲವೂ ತೀರುವುದಿಲ್ಲ, ಝಕಾತ್ ಕೂಡ ಸಂದಾಯವಾಗುವುದಿಲ್ಲ.

'ಎಲ್ಲವೂ ಅಲ್ಲಾಹನ ವಿಧಿ, ಪರಿಹಾರ ಕೇಳುವುದು ತವಕ್ಕುಲ್‌ಗೆ ವಿರುದ್ಧ' ಎನ್ನುವವರಿದ್ದಾರೆ. ಈ ಮಾತು ಹೆಚ್ಚಾಗಿ ಕೊಡಬೇಕಾದವರ ಬಾಯಿಂದಲೇ ಬರುತ್ತದೆಂಬುದನ್ನು ಗಮನಿಸಿರಿ. ಉದ್ದೇಶವಿಲ್ಲದೆ ಒಬ್ಬನ ಪ್ರಾಣ ಹೋದಾಗಲೂ ಅವನ ಕುಟುಂಬಕ್ಕೆ ಪರಿಹಾರ ಕೊಡಬೇಕೆಂದು ಸೂರಃ ಅನ್ನಿಸಾ ವಿಧಿಸಿದೆ. ಆ ವಿಧಿಯೂ ನಮ್ಮ ಕಾರ್ಮಿಕ ಕಾನೂನೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಆಕಸ್ಮಿಕವಾಗಿ ನಡೆಯಿತೆಂಬ ಕಾರಣಕ್ಕೆ ನೊಂದವರ ಹಕ್ಕು ಅಳಿಯುವುದಿಲ್ಲವೆಂಬುದು ಅದರಿಂದ ಸ್ಪಷ್ಟ.

ಇನ್ನು ನಮ್ಮ ದೇಶದ ಕಾನೂನು. 1923ರಿಂದಲೇ ಇದಕ್ಕೊಂದು ಕಾಯ್ದೆಯಿತ್ತು. ಈಗ ಅದರ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೆ. 2025ರ ನವೆಂಬರ್ 21ರಂದು ಅದು ಜಾರಿಗೆ ಬಂತು. ಪರಿಹಾರ ಲೆಕ್ಕ ಹಾಕುವ ಮೂಲಕ್ರಮ ಬದಲಾಗಿಲ್ಲ. ಕೆಲಸಗಾರ ಸತ್ತರೆ ತಿಂಗಳ ವೇತನದ ಶೇ. 50, ಶಾಶ್ವತವಾಗಿ ಸಂಪೂರ್ಣ ಅಶಕ್ತನಾದರೆ ಶೇ. 60. ಅದನ್ನು ಆತನ ವಯಸ್ಸಿಗೆ ಗೊತ್ತುಪಡಿಸಿದ ಒಂದು ಅಂಕಿಯಿಂದ ಗುಣಿಸಬೇಕು. 30 ವರ್ಷದವನಿಗೆ ಆ ಅಂಕಿ 207.98. ಒಂದೇ ಕೈಯ ಎರಡು ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 20 ನಷ್ಟವೆಂದು ಪಟ್ಟಿಯಲ್ಲಿದೆ. ಮೇಲಿನ ಕೆಲಸಗಾರನಿಗೆ 30 ವರ್ಷ, ವೇತನ 12,000 ರೂಪಾಯಿ ಎಂದಾದರೆ, 7,200ನ್ನು 207.98ರಿಂದ ಗುಣಿಸಿ ಅದರ ಶೇ. 20 ತೆಗೆಯಿರಿ. ಸುಮಾರು 2,99,491 ರೂಪಾಯಿ! ಅಕ್ಕಿಯ ಮೂಟೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ.

'ಅವನದ್ದೇ ಅಜಾಗರೂಕತೆ' ಎಂದು ಮಾಲಕರು ಕೈತೊಳೆದುಕೊಳ್ಳುವಂತಿಲ್ಲ. ಕುಡಿದು ಕೆಲಸ ಮಾಡಿದ್ದು, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದ್ದು, ರಕ್ಷಣೆಯ ಸಾಧನವನ್ನು ಬೇಕೆಂದೇ ತೆಗೆದದ್ದು ಇಂತಹ ಕಾರಣಗಳಿದ್ದರೆ ಮಾತ್ರ ಹಕ್ಕು ತಪ್ಪುತ್ತದೆ. ಮರಣ ಅಥವಾ ಸಂಪೂರ್ಣ ಶಾಶ್ವತ ಅಶಕ್ತತೆಯಾದರೆ ಆ ನೆಪವೂ ನಡೆಯದು. ಗುತ್ತಿಗೆದಾರನ ಆಳೆಂಬ ಕಾರಣಕ್ಕೂ ಮುಖ್ಯ ಮಾಲಕರು ಪಾರಾಗಲಾರರು. 'ನನಗೇನೂ ಬೇಡ' ಎಂದು ಛಾಪಾ ಕಾಗದದಲ್ಲಿ ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡರೂ ಆ ಕರಾರಿಗೆ ಬೆಲೆಯಿಲ್ಲ. ಮಸೀದಿಯ ಜಮಾಅತ್‌ನ ಹಿರಿಯರು ಸದುದ್ದೇಶದಿಂದಲೇ ಇಂತಹ ರಾಜಿ ಮಾಡಿಸುವುದುಂಟು. ಸತ್ತವನ ಪರಿಹಾರವನ್ನು ವಿಧವೆಯ ಕೈಗೆ ನೇರವಾಗಿ ಕೊಡುವುದಲ್ಲ, ಸಕ್ಷಮ ಅಧಿಕಾರಿಯ ಬಳಿ ಠೇವಣಿ ಇಡಬೇಕೆಂದು ಕಾನೂನಿದೆ. ರಾಜಿಗೆ ಕೂರುವ ಮೊದಲು ಹಿರಿಯರು ಇದನ್ನು ತಿಳಿದಿರಲಿ.

ಇಎಸ್‌ಐ ಇರುವ ಕೆಲಸಗಾರನಿಗೆ ದಾರಿ ಬೇರೆ. ಆತ ಮಾಲಕರಿಂದಲ್ಲ, ನಿಗಮದಿಂದ ಪಡೆಯುತ್ತಾನೆ. ಚಿಕಿತ್ಸೆಯ ಜೊತೆಗೆ, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ವೇತನದ ಶೇ. 90 ಸಿಗುತ್ತದೆ. ಕೆಲಸದಲ್ಲಾದ ಗಾಯಕ್ಕೆ ಇಷ್ಟು ತಿಂಗಳ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಸೇರಿದ ಮೊದಲ ದಿನ ಪೆಟ್ಟಾದರೂ ಹಕ್ಕಿದೆ.

ಯುಎಇಯಲ್ಲಿ ಖಾಸಗಿ ಕಂಪೆನಿಗಳಲ್ಲಿ ದುಡಿಯುವ ನಮ್ಮ ಹುಡುಗರಿಗೂ ಒಂದು ಮಾತು. ಅಲ್ಲಿನ 2021ರ ಕಾನೂನಿನಂತೆ ಚಿಕಿತ್ಸೆಯ ಖರ್ಚು ಮಾಲಕರದ್ದು. ಚೇತರಿಕೆಯ ಮೊದಲ ಆರು ತಿಂಗಳಿಗೆ ಪೂರ್ಣ ವೇತನ, ಮತ್ತೆ ಆರು ತಿಂಗಳಿಗೆ ಅರ್ಧ ವೇತನ.

ಹಕ್ಕಿದ್ದರೂ ಪುರಾವೆಯಿಲ್ಲದೆ ಸೋಲುವವರೇ ಬಹಳ. ಆಸ್ಪತ್ರೆಯಲ್ಲಿ 'ಮನೆಯಲ್ಲಿ ಜಾರಿ ಬಿದ್ದದ್ದು' ಎಂದು ಬರೆಸಬೇಡಿರಿ. ಅದು ಸುಳ್ಳು, ಮೇಲಾಗಿ ನಿಮ್ಮ ಹಕ್ಕನ್ನು ನೀವೇ ಹೂಳಿದಂತೆ. ಎಲ್ಲಿ, ಯಾವ ಯಂತ್ರದಿಂದ, ಎಷ್ಟು ಗಂಟೆಗೆ ಎಂದು ನಿಜವನ್ನೇ ಬರೆಸಿರಿ. ಮಾಲಕರಿಗೆ ಲಿಖಿತ ತಿಳುವಳಿಕೆ ಕೊಟ್ಟು ಅದರ ಪ್ರತಿಯನ್ನು ಇಟ್ಟುಕೊಳ್ಳಿರಿ. ಸಂಬಳದ ಚೀಟಿ, ವೈದ್ಯರ ಪತ್ರ, ಕಂಡ ಸಹೋದ್ಯೋಗಿಗಳ ಹೆಸರು ಜೋಪಾನವಾಗಿರಲಿ. ಒಂದು ತಿಂಗಳೊಳಗೆ ಮಾಲಕರು ಕೊಡದಿದ್ದರೆ ಶೇ. 12ರ ಬಡ್ಡಿ ಸೇರಿಸಿ ಕೊಡಿಸುವ ಅಧಿಕಾರ ಅಧಿಕಾರಿಗಿದೆ. ಬಡ್ಡಿಯೆಂಬ ಶಬ್ದದಿಂದ ಮನಸ್ಸು ಅಳುಕಿದರೆ ಆ ಭಾಗದ ಬಗ್ಗೆ ನಂಬಿಕೆಯ ವಿದ್ವಾಂಸರನ್ನು ಕೇಳಿರಿ. ಆದರೆ ಅದರ ನೆಪದಲ್ಲಿ ಅಸಲನ್ನು ಬಿಟ್ಟುಬಿಡಬೇಡಿರಿ. ಅರ್ಜಿಯನ್ನು ಅಪಘಾತವಾದ ಎರಡು ವರ್ಷದೊಳಗೆ ಸಲ್ಲಿಸಬೇಕು.